ಹಿಡಿಕೆ ಇಲ್ಲದ ಪ್ರೊಟೀನಿಗೆ ಕೊಕ್ಕೆ ಬಿದ್ದ ಬಗೆ

ಶ್ವಾಸಕೋಶದ ಅಥವಾ ದೊಡ್ಡಕರುಳಿನ ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಗಡ್ಡೆಯ ಒಂದು ಚೂರನ್ನು ಜೀನ್ ಪರೀಕ್ಷೆಗೆ ಕಳಿಸುವುದು ದೊಡ್ಡ ಆಸ್ಪತ್ರೆಗಳಲ್ಲಿ ಈಗ ರೂಢಿಗೆ ಬಂದಿದೆ. ಕೆಲವು ದಿನಗಳ ನಂತರ ಕೈಗೆ ಬರುವ ವರದಿಯಲ್ಲಿ ಹಲವರಿಗೆ ಕಾಣುವ ಒಂದು ಸಾಲು 'ಕೆರಾಸ್ ಜಿ12ಸಿ', 'ಕೆರಾಸ್ ಜಿ12ಡಿ' ಎಂಬಂತೆ ಇರುತ್ತದೆ. ಹತ್ತು ಹದಿನೈದು ವರ್ಷಗಳ ಹಿಂದೆ ಈ ಸಾಲನ್ನು ನೋಡಿದ ವೈದ್ಯರು ಹೇಳಬಹುದಾಗಿದ್ದುದು ಬಹಳ ಕಡಿಮೆ. ದೊಡ್ಡಕರುಳಿನ ಕ್ಯಾನ್ಸರ್ ಆಗಿದ್ದರೆ ಕೆಲವು ದುಬಾರಿ ಚುಚ್ಚುಮದ್ದುಗಳು ಈ ರೋಗಿಗೆ ಕೆಲಸ ಮಾಡುವುದಿಲ್ಲ ಎಂದು ತಿಳಿಯುತ್ತಿತ್ತೇ ಹೊರತು, ಕೆಟ್ಟಿರುವ ಕೆರಾಸ್ ಪ್ರೊಟೀನನ್ನೇ ಹಿಡಿದು ನಿಲ್ಲಿಸುವ ಔಷಧ ಯಾವುದೂ ಇರಲಿಲ್ಲ. ಔಷಧ ಸಂಶೋಧಕರ ನಡುವೆ ಈ ಪ್ರೊಟೀನಿಗೆ 'ಮದ್ದಿಗೆ ಸಿಗದ್ದು' ಎಂಬ ಅಡ್ಡಹೆಸರೇ ಬಿದ್ದಿತ್ತು. 2021ರಲ್ಲಿ ಆ ಹೆಸರು ಸುಳ್ಳಾಯಿತು. ಅದು ಹೇಗೆ ಸುಳ್ಳಾಯಿತು, ಎಷ್ಟರಮಟ್ಟಿಗೆ ಸುಳ್ಳಾಯಿತು ಎಂಬ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿಕೊಳ್ಳಬೇಕು. ಮೊದಲನೆಯದಕ್ಕೆ ಸಿಗುವ ಉತ್ತರದ ಬೆರಗಿನಲ್ಲಿ ಎರಡನೆಯದು ಮರೆತುಹೋಗುವುದು ಸುಲಭ.

ಕೆರಾಸ್ ಸೇರಿದ ಕುಟುಂಬಕ್ಕೆ ರಾಸ್ ಎಂಬ ಹೆಸರು ಇಲಿಗಳಿಂದ ಬಂದದ್ದು. ಇಲಿಗಳಲ್ಲಿ ಸಾರ್ಕೋಮಾ ಎಂಬ ಗಡ್ಡೆಯನ್ನು ಎಬ್ಬಿಸುವ ವೈರಸ್ಸುಗಳನ್ನು 1964ರಲ್ಲಿ ಜೆನಿಫರ್ ಹಾರ್ವಿ, 1967ರಲ್ಲಿ ವರ್ನರ್ ಕರ್ಸ್ಟನ್ ಗುರುತಿಸಿದರು. ಹೆಸರಿನ ಮೊದಲಿಗಿರುವ 'ಕೆ' ಈ ಕರ್ಸ್ಟನ್ ಅವರ ನೆನಪು. ಆ ವೈರಸ್ಸುಗಳು ಹೊತ್ತು ತಿರುಗುತ್ತಿದ್ದ ಜೀನ್ ಅವುಗಳ ಸ್ವಂತದ್ದಲ್ಲ, ಪ್ರಾಣಿಗಳ ಜೀವಕೋಶದಿಂದಲೇ ಎತ್ತಿಕೊಂಡದ್ದು ಎಂಬುದು ಆಮೇಲೆ ತಿಳಿಯಿತು. 1982ರಲ್ಲಿ ಅಮೆರಿಕದ ರಾಬರ್ಟ್ ವೈನ್‌ಬರ್ಗ್, ಮೈಕೆಲ್ ವಿಗ್ಲರ್ ಮತ್ತು ಮರಿಯಾನೊ ಬಾರ್ಬಸಿಡ್ ಅವರ ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಒಂದು ಸಂಗತಿಯನ್ನು ತೋರಿಸಿಕೊಟ್ಟವು: ಮನುಷ್ಯನ ಮೂತ್ರಕೋಶದ ಕ್ಯಾನ್ಸರಿನಿಂದ ಬೆಳೆಸಿದ ಕೋಶಗಳಲ್ಲಿ ಇದೇ ಕುಟುಂಬದ ಜೀನ್ ಒಂದೇ ಒಂದು ಅಕ್ಷರದಷ್ಟು ಬದಲಾಗಿದೆ, ಅದರಿಂದ ಪ್ರೊಟೀನಿನ 12ನೆಯ ಸ್ಥಾನದಲ್ಲಿರಬೇಕಾದ ಗ್ಲೈಸಿನ್ ಹೋಗಿ ವ್ಯಾಲಿನ್ ಬಂದು ಕೂತಿದೆ. ಸುಮಾರು 190 ಅಮೈನೊ ಆಮ್ಲಗಳ ಒಂದು ಸರಪಳಿಯಲ್ಲಿ ಒಂದು ಕೊಂಡಿ ಬದಲಾದದ್ದು ಕೋಶದ ನಡತೆಯನ್ನೇ ಬದಲಿಸಿತ್ತು. ಇಂದಿನ ಅಂದಾಜಿನಂತೆ ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ರಾಸ್ ಕುಟುಂಬದ ಯಾವುದಾದರೂ ಒಂದು ಜೀನ್ ಹೀಗೆ ಕೆಟ್ಟಿರುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಂತೂ ಕೆರಾಸ್ ಕೆಡದ ಗಡ್ಡೆಗಳೇ ಅಪರೂಪ, ನೂರರಲ್ಲಿ ತೊಂಬತ್ತರಷ್ಟು ಗಡ್ಡೆಗಳಲ್ಲಿ ಅದು ಕೆಟ್ಟಿರುತ್ತದೆ.

ಈ ಪ್ರೊಟೀನು ಮಾಡುವ ಕೆಲಸವನ್ನು ನಮ್ಮ ಬಯಲುಸೀಮೆಯ ಕೆರೆಗಳ ತೂಬಿಗೆ ಹೋಲಿಸಬಹುದು. ಕೋಶದ ಹೊರಗಿನಿಂದ 'ಬೆಳೆ, ಎರಡಾಗು' ಎಂಬ ಸೂಚನೆ ಬಂದಾಗ ತೂಬು ತೆರೆಯುತ್ತದೆ, ಸಂದೇಶ ಒಳಗಿನ ಕಾಲುವೆಗಳಿಗೆ ಹರಿಯುತ್ತದೆ, ಸಾಕಾದ ಮೇಲೆ ಮುಚ್ಚುತ್ತದೆ. ಕೆರಾಸ್ ತನ್ನ ಮೈಯಲ್ಲಿ ಜಿಟಿಪಿ ಎಂಬ ಸಣ್ಣ ಅಣುವನ್ನು ಹಿಡಿದುಕೊಂಡಿದ್ದರೆ ಅದು ತೆರೆದ ತೂಬು. ಆ ಜಿಟಿಪಿಯಿಂದ ಒಂದು ಫಾಸ್ಫೇಟ್ ತುಂಡು ಕಳಚಿಬಿದ್ದು ಜಿಡಿಪಿ ಆದರೆ ಮುಚ್ಚಿದ ತೂಬು. ಕಳಚುವ ಕೆಲಸವನ್ನು ಕೆರಾಸ್ ತಾನೇ ಮಾಡಬಲ್ಲದಾದರೂ ಬಹಳ ನಿಧಾನವಾಗಿ ಮಾಡುತ್ತದೆ. ಅದಕ್ಕಾಗಿ ಕೋಶದಲ್ಲಿ ಗ್ಯಾಪ್ ಎಂಬ ಇನ್ನೊಂದು ಬಗೆಯ ಪ್ರೊಟೀನು ಇದೆ. ಕೋಲಾರದ ಕಡೆಯ ಹಳೆಯ ಕೆರೆಗಳಲ್ಲಿ ತೂಬನ್ನು ತೆರೆದು ಮುಚ್ಚುವ ಹೊಣೆ ಹೊತ್ತಿರುತ್ತಿದ್ದ ನೀರುಗಂಟಿಯಂತೆ, ಗ್ಯಾಪ್ ಬಂದು ತನ್ನ ಒಂದು ಬೆರಳನ್ನು, ಎಂದರೆ ಆರ್ಜಿನೀನ್ ಎಂಬ ಅಮೈನೊ ಆಮ್ಲವನ್ನು, ಕೆರಾಸ್ ಮತ್ತು ಜಿಟಿಪಿಯ ನಡುವೆ ತೂರಿಸುತ್ತದೆ. ಆಗ ಫಾಸ್ಫೇಟ್ ಕಳಚುವ ವೇಗ ಸುಮಾರು ಲಕ್ಷ ಪಟ್ಟು ಹೆಚ್ಚುತ್ತದೆ, ತೂಬು ಮುಚ್ಚಿಕೊಳ್ಳುತ್ತದೆ.

ಆ ಬೆರಳು ತೂರುವ ಕಿಂಡಿಯ ಅಂಚಿನಲ್ಲೇ 12ನೆಯ ಗ್ಲೈಸಿನ್ ಇದೆ. ಇಪ್ಪತ್ತು ಅಮೈನೊ ಆಮ್ಲಗಳಲ್ಲಿ ಗ್ಲೈಸಿನ್ ಅತಿ ಚಿಕ್ಕದು. ಉಳಿದವುಗಳಿಗೆಲ್ಲ ಪಕ್ಕಕ್ಕೆ ಚಾಚಿದ ಒಂದು ಕವಲು ಇದ್ದರೆ ಇದಕ್ಕೆ ಇರುವುದು ಒಂದು ಹೈಡ್ರೊಜನ್ ಪರಮಾಣು ಮಾತ್ರ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದ ಜಿ. ಎನ್. ರಾಮಚಂದ್ರನ್ ಅವರು ಮದ್ರಾಸಿನಲ್ಲಿದ್ದಾಗ, 1963ರಲ್ಲಿ, ತಮ್ಮ ಸಂಗಡಿಗರೊಂದಿಗೆ ಪ್ರಕಟಿಸಿದ ನಕ್ಷೆಯಲ್ಲಿ ಗ್ಲೈಸಿನ್ನಿಗೆ ಬೇರೆಯದೇ ಸ್ಥಾನ ಇರುವುದೂ ಇದೇ ಕಾರಣಕ್ಕೆ. ಪಕ್ಕದ ಕವಲಿನ ಅಡ್ಡಿ ಇಲ್ಲದುದರಿಂದ ಅದು ಬೇರೆ ಯಾವ ಅಮೈನೊ ಆಮ್ಲಕ್ಕೂ ಸಾಧ್ಯವಾಗದ ಭಂಗಿಗಳಲ್ಲಿ ತಿರುಗಬಲ್ಲದು. ಇಂದಿಗೂ ಯಾವ ಪ್ರೊಟೀನಿನ ರಚನೆ ಪ್ರಕಟವಾದರೂ ಅದು ಸರಿಯೋ ತಪ್ಪೋ ಎಂದು ಮೊದಲು ಒರೆಗೆ ಹಚ್ಚುವುದು ಆ ನಕ್ಷೆಯ ಮೇಲೆಯೇ. ಕೆರಾಸ್‌ನ ಕಿಂಡಿಯಲ್ಲಿ ಗ್ಲೈಸಿನ್ ಇರುವವರೆಗೆ ನೀರುಗಂಟಿಯ ಬೆರಳಿಗೆ ಜಾಗವಿದೆ. ಅಲ್ಲಿ ವ್ಯಾಲಿನ್, ಆಸ್ಪಾರ್ಟಿಕ್ ಆಮ್ಲ, ಸಿಸ್ಟೀನ್ ಹೀಗೆ ಕವಲುಳ್ಳ ಯಾವುದೇ ಒಂದು ಬಂದು ಕೂತರೂ ಕಿಂಡಿಯಲ್ಲಿ ಕಲ್ಲು ಸಿಕ್ಕಿಕೊಂಡಂತೆ. ಬೆರಳು ಒಳಗೆ ಹೋಗದು, ತೂಬು ಸರಿಯಾಗಿ ಮುಚ್ಚದು, 'ಬೆಳೆ' ಎಂಬ ಸಂದೇಶ ಹರಿಯುತ್ತಲೇ ಇರುತ್ತದೆ. ವರದಿಯ ಸಾಲನ್ನು ಈಗ ಓದಬಹುದು. 'ಜಿ' ಎಂದರೆ ಮೊದಲು ಇದ್ದ ಗ್ಲೈಸಿನ್, 12 ಎಂದರೆ ಸ್ಥಾನ, ಕೊನೆಯ ಅಕ್ಷರ ಅಲ್ಲಿಗೆ ಬಂದು ಕೂತದ್ದು: 'ಸಿ' ಸಿಸ್ಟೀನ್, 'ಡಿ' ಆಸ್ಪಾರ್ಟಿಕ್ ಆಮ್ಲ, 'ವಿ' ವ್ಯಾಲಿನ್.

ಕಾರಣದ ಮುಖ್ಯ ಎಳೆ 1980ರ ದಶಕದಲ್ಲೇ ಗೊತ್ತಿದ್ದರೂ ಮದ್ದು ಸಿಗಲು ಸುಮಾರು ನಲವತ್ತು ವರ್ಷ ಬೇಕಾದುದೇಕೆ? ನಾವು ನುಂಗುವ ಮಾತ್ರೆಗಳಲ್ಲಿರುವ ಬಹುಪಾಲು ಔಷಧಗಳು ಪ್ರೊಟೀನಿನ ಮೈಮೇಲಿನ ಯಾವುದೋ ಗುಳಿಯಲ್ಲಿ ಹೋಗಿ ಕೂತು, ಅಲ್ಲಿಗೆ ಸಹಜವಾಗಿ ಬರಬೇಕಾದ ಅಣುವಿಗೆ ಜಾಗವಿಲ್ಲದಂತೆ ಮಾಡುತ್ತವೆ. ರಕ್ತದ ಒಂದು ಬಗೆಯ ಕ್ಯಾನ್ಸರಿಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್ ಮಾಡುವುದೂ ಇದನ್ನೇ, ಕೈನೇಸ್ ಎಂಬ ಜಾತಿಯ ಪ್ರೊಟೀನಿನಲ್ಲಿ ಎಟಿಪಿ ಎಂಬ ಸಣ್ಣ ಅಣು ಕೂರುವ ಗುಳಿಯನ್ನು ಅದು ಆಕ್ರಮಿಸುತ್ತದೆ. ಕೆರಾಸ್‌ನಲ್ಲೂ ಜಿಟಿಪಿ ಕೂರುವ ಗುಳಿ ಇದೆ, ಆದರೆ ಹಿಡಿತದ ಬಲ ಬೇರೆ. ಕೈನೇಸುಗಳು ಎಟಿಪಿಯನ್ನು ಹಿಡಿಯುವುದಕ್ಕಿಂತ ಕೆರಾಸ್ ಜಿಟಿಪಿಯನ್ನು ಹಿಡಿಯುವುದು ಸುಮಾರು ಹತ್ತು ಲಕ್ಷ ಪಟ್ಟು ಗಟ್ಟಿಯಾಗಿ. ಅದರ ಮೇಲೆ, ಕೋಶದೊಳಗೆ ಜಿಟಿಪಿ ಹೇರಳವಾಗಿ ತುಂಬಿರುತ್ತದೆ. ಅಂಥ ಕುರ್ಚಿಯಿಂದ ಅದನ್ನು ಎಬ್ಬಿಸಿ ತಾನು ಕೂರಬಲ್ಲ ಔಷಧದ ಅಣುವನ್ನು ಮಾಡುವುದು ಲೆಕ್ಕದ ಪ್ರಕಾರವೇ ಆಗದ ಮಾತಾಗಿತ್ತು. ಬೇರೆ ಗುಳಿಯನ್ನಾದರೂ ಹುಡುಕೋಣವೆಂದರೆ, ಎಕ್ಸ್‌ರೇ ಹಾಯಿಸಿ ತೆಗೆದ ಸ್ಫಟಿಕ ಚಿತ್ರಗಳಲ್ಲಿ ಈ ಪ್ರೊಟೀನು ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಕಲ್ಲಿನಂತೆ ಕಾಣುತ್ತಿತ್ತು, ಹಿಡಿಯಲು ಎಲ್ಲೂ ಹಿಡಿಕೆ ಇರಲಿಲ್ಲ.

ಕೆರಾಸ್‌ನ್ನು ನೇರವಾಗಿ ಮುಟ್ಟಲಾಗದಿದ್ದರೆ ಅದರ ಸುತ್ತಲಿನದನ್ನು ಕೆಡಿಸೋಣ ಎಂಬ ಹಾದಿಯನ್ನೂ ಹಿಡಿದದ್ದುಂಟು. ಈ ಪ್ರೊಟೀನು ಕೆಲಸ ಮಾಡಬೇಕಾದರೆ ಕೋಶದ ಪೊರೆಗೆ ಅಂಟಿಕೊಳ್ಳಬೇಕು, ಅಂಟಿಕೊಳ್ಳಲು ಅದರ ತುದಿಗೆ ಫಾರ್ನೆಸಿಲ್ ಎಂಬ ಜಿಡ್ಡಿನ ಬಾಲವೊಂದನ್ನು ಒಂದು ಕಿಣ್ವ ಹೊಲಿಯುತ್ತದೆ. ಆ ಕಿಣ್ವವನ್ನು ತಡೆಯುವ ಔಷಧಗಳನ್ನು 1990ರ ದಶಕದಲ್ಲಿ ಹಲವು ಕಂಪನಿಗಳು ತಯಾರಿಸಿದವು. ಇಲಿಗಳಲ್ಲಿ ಫಲಿತಾಂಶ ಚೆನ್ನಾಗಿತ್ತು. ಅವುಗಳಲ್ಲೊಂದಾದ ಟಿಪಿಫಾರ್ನಿಬ್‌ನ್ನು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ 688 ರೋಗಿಗಳಲ್ಲಿ ಪರೀಕ್ಷಿಸಿದಾಗ ಕೀಮೋಥೆರಪಿಯೊಂದಕ್ಕಿಂತ ಅದರ ಜೊತೆಗೆ ಇದನ್ನು ಸೇರಿಸಿದ್ದರಿಂದ ಆಯುಸ್ಸು ಹೆಚ್ಚಲಿಲ್ಲ. ಒಂದು ಬಾಲವನ್ನು ಹೊಲಿಯಲು ಬಿಡದಿದ್ದರೆ ಕೆರಾಸ್ ಬೇರೊಂದು ಕಿಣ್ವದ ಹತ್ತಿರ ಹೋಗಿ ಇನ್ನೊಂದು ಬಗೆಯ ಬಾಲವನ್ನು ಹೊಲಿಸಿಕೊಳ್ಳುತ್ತಿತ್ತು, ಅಷ್ಟೇ. ಈ ವರ್ಗದ ಇನ್ನೊಂದು ಔಷಧವಾದ ಲೊನಾಫಾರ್ನಿಬ್ ಮಾತ್ರ 2020ರಲ್ಲಿ, ಮಕ್ಕಳು ಅಕಾಲದಲ್ಲೇ ಮುದುಕರಂತಾಗುವ ಪ್ರೊಜೀರಿಯಾ ಎಂಬ ಅತಿ ವಿರಳ ಕಾಯಿಲೆಗೆ ಉಪಯೋಗಕ್ಕೆ ಬಂತು. ಕ್ಯಾನ್ಸರಿಗೆಂದು ಹೊರಟು ಅಲ್ಲಿಗೆ ತಲುಪಿದ್ದು ಆ ಮಕ್ಕಳ ಅದೃಷ್ಟ. ಕೆರಾಸ್ ಮಟ್ಟಿಗೆ ಅದು ಸೋಲೇ ಆಗಿತ್ತು, ಮತ್ತು ಆ ಸೋಲಿನ ನಂತರ ಬಹಳಷ್ಟು ಕಂಪನಿಗಳು ಈ ಪ್ರೊಟೀನಿನ ಸಹವಾಸವನ್ನೇ ಬಿಟ್ಟವು.

ದಿಕ್ಕು ಬದಲಾದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೆವನ್ ಶೋಕಟ್ ಅವರ ಪ್ರಯೋಗಾಲಯದಲ್ಲಿ. ಅವರು ರಸಾಯನಶಾಸ್ತ್ರಜ್ಞರು, ಹಾಗಾಗಿ ರೋಗದ ಕಡೆಯಿಂದಲ್ಲದೆ ಪರಮಾಣುಗಳ ಕಡೆಯಿಂದ ಪ್ರಶ್ನೆಯನ್ನು ಕೇಳಿಕೊಂಡರು. 12ನೆಯ ಸ್ಥಾನಕ್ಕೆ ಬಂದು ಕೂರುವ ಅಮೈನೊ ಆಮ್ಲಗಳಲ್ಲಿ ಸಿಸ್ಟೀನ್ ಮಾತ್ರ ಬೇರೆ ಜಾತಿಯದು. ಅದರ ತುದಿಯಲ್ಲಿ ಗಂಧಕದ ಪರಮಾಣು ಇದೆ, ಗಂಧಕ ಇತರ ಅಣುಗಳೊಂದಿಗೆ ಸುಲಭವಾಗಿ ಗಂಟು ಬೀಳುತ್ತದೆ. ಆರೋಗ್ಯವಂತ ಕೋಶದ ಕೆರಾಸ್‌ನಲ್ಲಿ ಆ ಸ್ಥಾನದಲ್ಲಿ ಗ್ಲೈಸಿನ್ ಇರುವುದರಿಂದ ಅಲ್ಲಿ ಗಂಧಕವಿಲ್ಲ. ಅಂದರೆ ಯಾವ ಬದಲಾವಣೆಯಿಂದ ಪ್ರೊಟೀನು ಕೆಟ್ಟಿದೆಯೋ ಅದೇ ಬದಲಾವಣೆ ಕೆಟ್ಟ ಪ್ರೊಟೀನನ್ನು ಮಾತ್ರ ಹಿಡಿಯಲು ಒಂದು ಕೊಕ್ಕೆಯನ್ನೂ ಒದಗಿಸಿದೆ. ನುಣುಪಾದ ಗುಂಡುಕಲ್ಲನ್ನು ಕೈಯಿಂದ ಹಿಡಿಯಲಾಗದಿದ್ದರೂ ಅದಕ್ಕೆ ಒಂದು ಕೊಕ್ಕೆ ಇದ್ದರೆ ಹಗ್ಗ ಕಟ್ಟಿ ಎಳೆಯಬಹುದಲ್ಲವೆ?

ಹಗ್ಗ ಹುಡುಕಿದ ಬಗೆಯೂ ಗಮನಿಸುವಂಥದ್ದು. ಗಂಧಕದೊಂದಿಗೆ ತಾತ್ಕಾಲಿಕವಾಗಿ ಜೋಡಿಕೊಳ್ಳಬಲ್ಲ 480 ಪುಟ್ಟ ಅಣುಗಳನ್ನು ಒಂದೊಂದಾಗಿ ಕೆರಾಸ್ ಜಿ12ಸಿಯೊಂದಿಗೆ ಬೆರೆಸಿ, ಆಮೇಲೆ ಪ್ರೊಟೀನಿನ ತೂಕವನ್ನು ಅತ್ಯಂತ ಸೂಕ್ಷ್ಮವಾಗಿ ಅಳೆಯಲಾಯಿತು. ತೂಕ ಹೆಚ್ಚಿದ್ದರೆ ಅಣು ಅಂಟಿದೆ, ಎಷ್ಟು ಹೆಚ್ಚಿದೆ ಎಂಬುದರಿಂದ ಯಾವ ಅಣು ಅಂಟಿದೆ ಎಂಬುದೂ ತಿಳಿಯುತ್ತದೆ. ಔಷಧ ಕಂಪನಿಗಳು ಲಕ್ಷಗಟ್ಟಲೆ ಅಣುಗಳನ್ನು ಯಂತ್ರಗಳಿಂದ ಜಾಲಾಡುವ ಕಾಲದಲ್ಲಿ 480 ಎಂಬುದು ತೀರಾ ಸಣ್ಣ ಸಂಖ್ಯೆ. ಆದರೆ ಇಲ್ಲಿ ಪ್ರತಿ ಅಣುವನ್ನೂ ಕೊಕ್ಕೆಯ ಪಕ್ಕದಲ್ಲೇ ಹಿಡಿದು ನಿಲ್ಲಿಸಿದ್ದರಿಂದ, ಬೇರೆ ವಿಧಾನದಲ್ಲಿ ಜಾರಿಹೋಗುತ್ತಿದ್ದ ಬಲಹೀನ ನಂಟುಗಳೂ ಕಣ್ಣಿಗೆ ಬಿದ್ದವು. ಹೀಗೆ ಸಿಕ್ಕ ಅಣುಗಳನ್ನು ಸುಧಾರಿಸಿ, ಪ್ರೊಟೀನಿಗೆ ಜೋಡಿಸಿಯೇ ಸ್ಫಟಿಕ ಮಾಡಿ ಎಕ್ಸ್‌ರೇ ಚಿತ್ರ ತೆಗೆದಾಗ, ಹಿಂದಿನ ಯಾವ ಚಿತ್ರದಲ್ಲೂ ಕಾಣದ ಒಂದು ಗುಳಿ ಅಲ್ಲಿತ್ತು. ಕೆರಾಸ್‌ನ ಮೈಯಲ್ಲಿ ತೂಬಿನ ಬಾಗಿಲಿನಂತೆ ಆಡುವ ಎರಡು ಭಾಗಗಳಲ್ಲಿ ಎರಡನೆಯದರ ಅಡಿಯಲ್ಲಿ ಅದು ತೆರೆದುಕೊಂಡಿತ್ತು. ಈ ಫಲಿತಾಂಶ 2013ರ ನವೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಔಷಧ ಕೆಲಸ ಮಾಡುವ ಬಗೆಯನ್ನು ವಿವರಿಸಲು ಪಠ್ಯಪುಸ್ತಕಗಳು ಬಳಸುವ ಬೀಗ ಮತ್ತು ಕೀಲಿಕೈಯ ಹೋಲಿಕೆ ಇಲ್ಲಿ ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಬೀಗದ ರಂಧ್ರ ಕೀಲಿ ಬರುವ ಮೊದಲೇ ಇರುತ್ತದೆ, ಈ ಗುಳಿ ಹಾಗಿರಲಿಲ್ಲ. ಪ್ರೊಟೀನು ಕಲ್ಲಲ್ಲ. ಅದು ಸದಾ ಅಲುಗುತ್ತ, ಉಸಿರಾಡಿದಂತೆ ಹಿಗ್ಗುತ್ತ ಕುಗ್ಗುತ್ತ ಇರುವ ವಸ್ತು. ಸ್ಫಟಿಕದಲ್ಲಿ ಹೆಪ್ಪುಗಟ್ಟಿಸಿ ತೆಗೆದ ಚಿತ್ರ ಅದರ ಅನೇಕ ಭಂಗಿಗಳಲ್ಲಿ ಒಂದನ್ನು ಮಾತ್ರ ತೋರಿಸುತ್ತದೆ. ಅಣು ಬಂದು ಕೊಕ್ಕೆ ಹಾಕಿ ಕೂತಾಗ ಮಾತ್ರ ಗುಳಿ ತೆರೆದು ನಿಂತಿತು. ವರ್ಷಗಟ್ಟಲೆ 'ಹಿಡಿಕೆ ಇಲ್ಲ' ಎಂದು ಹೇಳುತ್ತ ಬಂದದ್ದು ಆ ಒಂದು ಭಂಗಿಯ ಚಿತ್ರವನ್ನು ನೋಡಿ.

ಆದರೂ ಅನುಮಾನಗಳು ಇದ್ದವು, ಅವು ಹುರುಳಿಲ್ಲದ ಅನುಮಾನಗಳೂ ಅಲ್ಲ. ಶೋಕಟ್ ತಂಡದ ಅಣುಗಳು ಅಂಟುತ್ತಿದ್ದುದು ಜಿಡಿಪಿ ಹಿಡಿದಿರುವ, ಎಂದರೆ ಮುಚ್ಚಿದ ತೂಬಿಗೆ. ಕೆಟ್ಟ ಕೆರಾಸ್ ಸದಾ ತೆರೆದೇ ಇರುತ್ತದೆ ಎಂಬುದು ಆವರೆಗಿನ ತಿಳಿವಳಿಕೆಯಾಗಿತ್ತು. ಎಂದೂ ಮುಚ್ಚದ ಬಾಗಿಲನ್ನು ಮುಚ್ಚಿದಾಗ ಮಾತ್ರ ಹಾಕಬಹುದಾದ ಅಗುಳಿಯಿಂದ ಏನು ಪ್ರಯೋಜನ? 2016ರಲ್ಲಿ ಎರಡು ತಂಡಗಳು, ಅವುಗಳಲ್ಲೊಂದು ನ್ಯೂಯಾರ್ಕಿನ ಪಿರೊ ಲಿಟೊ ಅವರದು, ಇದಕ್ಕೆ ಉತ್ತರ ಕೊಟ್ಟವು. 12ನೆಯ ಸ್ಥಾನದಲ್ಲಿ ಸಿಸ್ಟೀನ್ ಬಂದಾಗ ನೀರುಗಂಟಿಯ ಸಹಾಯ ತಪ್ಪುತ್ತದೆ ನಿಜ, ಆದರೆ ಜಿಟಿಪಿಯನ್ನು ತಾನೇ ನಿಧಾನವಾಗಿ ಕಳಚುವ ಕೆರಾಸ್‌ನ ಸ್ವಂತ ಶಕ್ತಿ ಹೆಚ್ಚುಕಡಿಮೆ ಉಳಿದೇ ಇರುತ್ತದೆ. ಹಾಗಾಗಿ ಜಿ12ಸಿ ಆಗಾಗ ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಮುಚ್ಚಿದ ಕ್ಷಣದಲ್ಲಿ ಔಷಧ ಅಂಟಿಕೊಂಡರೆ, ಆ ಅಂಟು ಬಿಡಿಸಲಾಗದ್ದಾದ್ದರಿಂದ, ಪ್ರೊಟೀನು ಅಲ್ಲಿಗೇ ಸಿಕ್ಕಿಬೀಳುತ್ತದೆ. ಕೆಲವು ಗಂಟೆಗಳಲ್ಲಿ ಕೋಶದ ಕೆರಾಸ್ ಅಣುಗಳು ಒಂದೊಂದಾಗಿ ಬಲೆಗೆ ಬೀಳುತ್ತವೆ.

ಇನ್ನೊಂದು ಹಿಂಜರಿಕೆ ಇದ್ದದ್ದು ಈ ಬಿಡಿಸಲಾಗದ ಅಂಟಿನ ಬಗ್ಗೆಯೇ. ಪ್ರೊಟೀನಿಗೆ ಶಾಶ್ವತವಾಗಿ ಗಂಟು ಬೀಳುವ ಔಷಧ ಬೇಡದ ಕಡೆಯೂ ಅಂಟಿ ತೊಂದರೆ ಕೊಡಬಹುದೆಂದು ಉದ್ಯಮ ಬಹುಕಾಲ ಹೆದರಿತ್ತು. ಮನೆಯ ಔಷಧಿ ಡಬ್ಬಿಯಲ್ಲಿರುವ ಆಸ್ಪಿರಿನ್ನೂ, ಲಕ್ಷಾಂತರ ಜೀವ ಉಳಿಸಿದ ಪೆನಿಸಿಲಿನ್ನೂ ಹೀಗೆಯೇ ಶಾಶ್ವತವಾಗಿ ಅಂಟುವ ಔಷಧಗಳು ಎಂಬುದನ್ನು ನೆನೆದರೆ ಈ ಹೆದರಿಕೆ ವಿಚಿತ್ರವೆನಿಸುತ್ತದೆ. ಆದರೂ ಎಚ್ಚರಿಕೆಗೆ ಕಾರಣವಿತ್ತು. ನಮ್ಮ ಕೋಶಗಳ ಒಳಗೆ ಗಂಧಕವುಳ್ಳ ಗ್ಲೂಟಾಥಯೋನ್ ಎಂಬ ಅಣು ಧಾರಾಳವಾಗಿದೆ, ಸಾವಿರಾರು ಪ್ರೊಟೀನುಗಳಲ್ಲಿ ಸಿಸ್ಟೀನ್ ಇದೆ. ಕಂಡಕಂಡ ಗಂಧಕಕ್ಕೆಲ್ಲ ಅಂಟುವಷ್ಟು ಚುರುಕಾದ ಅಣು ಕೆರಾಸ್‌ವರೆಗೆ ತಲುಪುವುದೇ ಇಲ್ಲ. ಆದ್ದರಿಂದ ರಸಾಯನಶಾಸ್ತ್ರಜ್ಞರು ಆರಿಸಿಕೊಂಡದ್ದು ಅಕ್ರಿಲಮೈಡ್ ಎಂಬ ಮಂದ ಸ್ವಭಾವದ ಕೊಂಡಿಯನ್ನು. ಅಣುವಿನ ಉಳಿದ ಭಾಗ ಗುಳಿಯಲ್ಲಿ ಸರಿಯಾಗಿ ಕೂತು, ಕೊಂಡಿಯನ್ನು 12ನೆಯ ಗಂಧಕದ ಎದುರಿಗೇ ತಂದು ನಿಲ್ಲಿಸಿದಾಗ ಮಾತ್ರ ಅದು ಗಂಟು ಹಾಕುತ್ತದೆ.

ಪ್ರಯೋಗಾಲಯದ ಅಣು ಮಾತ್ರೆಯಾಗಲು ಇನ್ನೂ ಎಂಟು ವರ್ಷ ಹಿಡಿಯಿತು. ಮೊದಲ ಅಣುಗಳು ಬಲ ಸಾಲದವು, ರಕ್ತದಲ್ಲಿ ನಿಲ್ಲದವು. ಆಮ್‌ಜೆನ್ ಕಂಪನಿಯ ತಂಡಕ್ಕೆ ನೆರವಾದದ್ದು ಇನ್ನೊಂದು ಬಚ್ಚಿಟ್ಟ ಜಾಗ: ಶೋಕಟ್ ಕಂಡ ಗುಳಿಯ ಪಕ್ಕದಲ್ಲಿ 95ನೆಯ ಸ್ಥಾನದ ಹಿಸ್ಟಿಡೀನ್ ತಲೆ ತಿರುಗಿಸಿದರೆ ಒಂದು ಚಿಕ್ಕ ತೋಡು ತೆರೆಯುತ್ತದೆ, ಅದರೊಳಕ್ಕೆ ಅಣುವಿನ ಒಂದು ತುದಿಯನ್ನು ಚಾಚಿದರೆ ಹಿಡಿತ ಬಹಳ ಬಲಗೊಳ್ಳುತ್ತದೆ. ಹೀಗೆ ರೂಪುಗೊಂಡ ಅಣುವಿಗೆ ಆಮೇಲೆ ಸೊಟೊರಾಸಿಬ್ ಎಂಬ ಹೆಸರಾಯಿತು. 2018ರ ಆಗಸ್ಟಿನಲ್ಲಿ ಮೊದಲ ರೋಗಿಗೆ ಕೊಡಲಾಯಿತು. 2021ರ ಮೇ 28ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಬೇರೆ ಚಿಕಿತ್ಸೆ ಪಡೆದೂ ರೋಗ ಮುಂದುವರಿದಿದ್ದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಅದನ್ನು ತ್ವರಿತ ವ್ಯವಸ್ಥೆಯಡಿ ಒಪ್ಪಿತು. 2022ರ ಡಿಸೆಂಬರಿನಲ್ಲಿ ಮಿರಾಟಿ ಕಂಪನಿಯ ಅಡಾಗ್ರಾಸಿಬ್ ಬಂತು, 2024ರಲ್ಲಿ ಚೀನಾದ ನಿಯಂತ್ರಕರು ತಮ್ಮ ದೇಶದ ಫುಲ್ಜೆರಾಸಿಬ್‌ಗೆ ಒಪ್ಪಿಗೆ ಕೊಟ್ಟರು.

ಈಗ ಎರಡನೆಯ ಪ್ರಶ್ನೆ. ಸೊಟೊರಾಸಿಬ್‌ನ ಮೊದಲ ದೊಡ್ಡ ಪರೀಕ್ಷೆಯಲ್ಲಿ ಅಳೆಯಲು ಸಿಕ್ಕ 124 ರೋಗಿಗಳಲ್ಲಿ ನೂರಕ್ಕೆ 37 ಮಂದಿಯ ಗಡ್ಡೆಗಳು ಗಮನಾರ್ಹವಾಗಿ ಕುಗ್ಗಿದವು. ಬೇರೆ ದಾರಿಗಳು ಮುಗಿದಿದ್ದ ರೋಗಿಗಳಲ್ಲಿ ಇದು ಸಣ್ಣ ಮಾತಲ್ಲ. ಆದರೆ ರೋಗ ಮತ್ತೆ ಮುಂದುವರಿಯುವವರೆಗೆ ಸಿಕ್ಕ ಕಾಲದ ಮಧ್ಯಾಂಕ 6.8 ತಿಂಗಳು, ಎಂದರೆ ಅರ್ಧದಷ್ಟು ರೋಗಿಗಳಿಗೆ ಅದಕ್ಕಿಂತ ಕಡಿಮೆಯೇ ಸಿಕ್ಕಿತು. ತ್ವರಿತ ಒಪ್ಪಿಗೆ ಎಂಬುದು ಷರತ್ತಿನ ಒಪ್ಪಿಗೆ, ಹಳೆಯ ಔಷಧದೊಂದಿಗೆ ಹೋಲಿಸಿ ಮೇಲುಗೈಯನ್ನು ತೋರಿಸಬೇಕು. 345 ರೋಗಿಗಳ ಆ ಹೋಲಿಕೆಯಲ್ಲಿ, ಡೊಸೆಟಾಕ್ಸೆಲ್ ಎಂಬ ಹಳೆಯ ಕೀಮೋಥೆರಪಿ ಪಡೆದವರಲ್ಲಿ ರೋಗ ಮುಂದುವರಿಯಲು ತೆಗೆದುಕೊಂಡ ಕಾಲ 4.5 ತಿಂಗಳಾದರೆ ಸೊಟೊರಾಸಿಬ್ ಪಡೆದವರಲ್ಲಿ 5.6 ತಿಂಗಳು. ನಲವತ್ತು ವರ್ಷಗಳ ವಿಜ್ಞಾನದ ಕೊನೆಗೆ ಬಂದ ವ್ಯತ್ಯಾಸ ಒಂದು ತಿಂಗಳ ಚಿಲ್ಲರೆ. ಒಟ್ಟು ಎಷ್ಟು ಕಾಲ ಬದುಕಿದರು ಎಂದು ನೋಡಿದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ.

ಈ ಅಂಕಿಗಳನ್ನು ಓದುವಾಗ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು, ಅವು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಕೀಮೋಥೆರಪಿಯ ಗುಂಪಿನಲ್ಲಿದ್ದ ಸುಮಾರು ಮೂರರಲ್ಲೊಂದು ಪಾಲು ರೋಗಿಗಳು ಆಮೇಲೆ ಕೆರಾಸ್ ತಡೆಯುವ ಔಷಧವನ್ನೇ ಪಡೆದರು, ಹಾಗಾಗಿ ಒಟ್ಟು ಆಯುಸ್ಸಿನ ಹೋಲಿಕೆ ಮಸುಕಾಯಿತು. ಇತ್ತ, ಯಾರಿಗೆ ಯಾವ ಔಷಧ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿದ್ದ ಪರೀಕ್ಷೆ ಇದಾಗಿತ್ತು. ಕೀಮೋಥೆರಪಿಯ ಪಾಲಿಗೆ ಬಂದವರಲ್ಲಿ ಹಲವರು ಅದನ್ನು ಆರಂಭಿಸದೆಯೇ ಹೊರನಡೆದರು. ಮಾತ್ರೆಯ ಆಸೆಯಿಂದ ಬಂದವರಿಗೆ ಸಲೈನ್ ಬಾಟಲಿ ಸಿಕ್ಕಿದರೆ ಹಾಗೆ ಮಾಡುವುದು ಸಹಜವೇ, ಆದರೆ ಅದರಿಂದ ಉಳಿದವರ ಹೋಲಿಕೆ ಓರೆಯಾಗುತ್ತದೆ. 2023ರ ಅಕ್ಟೋಬರಿನಲ್ಲಿ ಎಫ್‌ಡಿಎಯ ಸಲಹಾ ಸಮಿತಿ, ಆ ಒಂದು ತಿಂಗಳ ವ್ಯತ್ಯಾಸವನ್ನು ಭರವಸೆಯಿಂದ ಅರ್ಥೈಸಲಾಗದು ಎಂದು ಎರಡರ ವಿರುದ್ಧ ಹತ್ತು ಮತಗಳಿಂದ ಹೇಳಿತು. ಡಿಸೆಂಬರಿನಲ್ಲಿ ಪೂರ್ಣ ಒಪ್ಪಿಗೆಯನ್ನು ನಿರಾಕರಿಸಲಾಯಿತು, ಷರತ್ತಿನ ಒಪ್ಪಿಗೆ ಮುಂದುವರಿಯಿತು. ಪ್ರಮಾಣದ ಬಗ್ಗೆಯೂ ಪ್ರಶ್ನೆ ಎದ್ದಿತ್ತು. ದಿನಕ್ಕೆ 960 ಮಿಲಿಗ್ರಾಂ, ಎಂದರೆ ಮೊದಲಿದ್ದ 120 ಮಿಲಿಗ್ರಾಮಿನ ಎಂಟು ಮಾತ್ರೆಗಳನ್ನು ನುಂಗಬೇಕು. 180 ಮಿಲಿಗ್ರಾಂ ಕೊಟ್ಟರೂ ರಕ್ತದಲ್ಲಿ ಸಿಗುವ ಔಷಧದ ಮಟ್ಟ ಹೆಚ್ಚುಕಡಿಮೆ ಅಷ್ಟೇ ಇತ್ತೆಂಬುದರಿಂದ, ಕಡಿಮೆ ಪ್ರಮಾಣವನ್ನೂ ಹೋಲಿಸಿ ನೋಡಬೇಕೆಂದು ನಿಯಂತ್ರಕರು ಕಂಪನಿಗೆ ಕಟ್ಟಳೆ ಹಾಕಿದ್ದರು.

ಔಷಧ ಸರಿಯಾದ ಜಾಗಕ್ಕೇ ತಾಗುತ್ತಿದ್ದರೂ ಫಲ ಏಕೆ ಬೇಗ ಬತ್ತುತ್ತದೆ? ಅಡಾಗ್ರಾಸಿಬ್‌ಗೆ ಮೊದಲು ಬಗ್ಗಿ ಆಮೇಲೆ ತಿರುಗಿಬಿದ್ದ ಕ್ಯಾನ್ಸರುಗಳ 38 ರೋಗಿಗಳನ್ನು ಪರೀಕ್ಷಿಸಿದ 2021ರ ಅಧ್ಯಯನದಲ್ಲಿ 17 ಮಂದಿಯಲ್ಲಿ ಕಾರಣಗಳು ಕಂಡವು. ಕೆಲವರಲ್ಲಿ ಔಷಧ ಕೂರುವ ಗುಳಿಯ ಗೋಡೆಯೇ ಬದಲಾಗಿತ್ತು, ಕೆಲವರಲ್ಲಿ 12ನೆಯ ಸ್ಥಾನದಲ್ಲಿ ಸಿಸ್ಟೀನಿನ ಬದಲು ಕೊಕ್ಕೆಯಿಲ್ಲದ ಬೇರೊಂದು ಅಮೈನೊ ಆಮ್ಲ ಬಂದಿತ್ತು, ಇನ್ನು ಕೆಲವರಲ್ಲಿ ಕ್ಯಾನ್ಸರು ಕೆರಾಸ್‌ನ ತೂಬನ್ನೇ ಬಳಸದೆ ಬೇರೆ ಕಾಲುವೆ ತೋಡಿಕೊಂಡಿತ್ತು. ಒಬ್ಬನೇ ರೋಗಿಯ ದೇಹದಲ್ಲಿ ಇವುಗಳಲ್ಲಿ ಹಲವು ಒಟ್ಟಿಗೆ ಇದ್ದದ್ದೂ ಉಂಟು. ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ತೊಂದರೆ ಮೊದಲ ದಿನದಿಂದಲೇ. ಅಲ್ಲಿ ಕೆರಾಸ್‌ನ್ನು ತಡೆದ ಕೂಡಲೇ ಮೇಲಿನಿಂದ ಸೂಚನೆ ಕೊಡುವ ಇಜಿಎಫ್‌ಆರ್ ಎಂಬ ಪ್ರೊಟೀನು ಇನ್ನಷ್ಟು ಜೋರಾಗಿ ಒತ್ತತೊಡಗುತ್ತದೆ, ಕೆರೆಯ ಒಂದು ತೂಬು ಮುಚ್ಚಿದಾಗ ಏರಿಯ ಮೇಲಿನ ಒತ್ತಡ ಹೆಚ್ಚಿದ ಹಾಗೆ. ಆದ್ದರಿಂದ ಎರಡನ್ನೂ ಒಟ್ಟಿಗೆ ತಡೆಯುವ ಉಪಾಯ ಹೂಡಲಾಯಿತು. ಸೊಟೊರಾಸಿಬ್ ಜೊತೆಗೆ ಇಜಿಎಫ್‌ಆರ್ ತಡೆಯುವ ಪ್ಯಾನಿಟುಮುಮಾಬ್ ಕೊಟ್ಟಾಗ ರೋಗ ತಡೆದ ಕಾಲ 5.6 ತಿಂಗಳಾದರೆ, ಆ ಹಂತದಲ್ಲಿ ವಾಡಿಕೆಯಲ್ಲಿದ್ದ ಚಿಕಿತ್ಸೆಯಲ್ಲಿ ಅದು 2.2 ತಿಂಗಳು. 2025ರ ಜನವರಿಯಲ್ಲಿ ಎಫ್‌ಡಿಎ ಈ ಜೋಡಿಯನ್ನು ಒಪ್ಪಿತು.

ಇವೆಲ್ಲ 'ಸಿ' ಅಕ್ಷರ ಇದ್ದವರಿಗೆ. ತಂಬಾಕಿನ ಹೊಗೆ ಡಿಎನ್‌ಎಯಲ್ಲಿ ಉಂಟುಮಾಡುವ ಒಂದು ನಿರ್ದಿಷ್ಟ ಬಗೆಯ ಗಾಯ ಗ್ಲೈಸಿನ್ನನ್ನು ಸಿಸ್ಟೀನ್ ಮಾಡುವ ಅಕ್ಷರಪಲ್ಲಟಕ್ಕೆ ದಾರಿ ಮಾಡುವುದರಿಂದ ಜಿ12ಸಿ ಮುಖ್ಯವಾಗಿ ಧೂಮಪಾನಿಗಳ ಶ್ವಾಸಕೋಶದಲ್ಲಿ ಕಾಣುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಶ್ವಾಸಕೋಶದ ಅಡಿನೊಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರಿನ ರೋಗಿಗಳಲ್ಲಿ ನೂರಕ್ಕೆ ಸುಮಾರು 13 ಮಂದಿಯಲ್ಲಿ ಅದು ಸಿಗುತ್ತದೆ, ಏಷ್ಯಾದ ರೋಗಿಗಳಲ್ಲಿ ಇದಕ್ಕಿಂತ ಸಾಕಷ್ಟು ಕಡಿಮೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ನೂರಕ್ಕೆ ಒಂದೆರಡರಷ್ಟೇ. ಅಲ್ಲಿ ಆಳುತ್ತಿರುವುದು ಜಿ12ಡಿ, ಅದರ ಆಸ್ಪಾರ್ಟಿಕ್ ಆಮ್ಲದಲ್ಲಿ ಗಂಧಕದ ಕೊಕ್ಕೆ ಇಲ್ಲ. ಗುಳಿ ಎಲ್ಲಿದೆ ಎಂಬುದು ತಿಳಿದಿದ್ದರಿಂದ, ಅಂಟಿಕೊಳ್ಳದೆಯೇ ಅಸಾಧಾರಣ ಬಿಗಿತದಿಂದ ಅಲ್ಲಿ ಕೂರುವ ಎಂಆರ್‌ಟಿಎಕ್ಸ್1133 ಎಂಬ ಅಣುವನ್ನು ಮಿರಾಟಿಯ ರಸಾಯನಶಾಸ್ತ್ರಜ್ಞರು ಮಾಡಿದರು. ಇಲಿಗಳಲ್ಲಿ ಗಡ್ಡೆಗಳು ಕರಗಿದವು. ಮನುಷ್ಯರಲ್ಲಿ ಔಷಧದ ಮಟ್ಟ ಒಬ್ಬರಿಂದೊಬ್ಬರಿಗೆ ಅತಿಯಾಗಿ ಏರುಪೇರಾದ್ದರಿಂದ ಪರೀಕ್ಷೆಯನ್ನು ಮೊದಲ ಹಂತದಲ್ಲೇ ನಿಲ್ಲಿಸಬೇಕಾಯಿತು. ಗುಳಿ ಸಿಕ್ಕರೆ ಕೆಲಸ ಮುಗಿಯಿತೆಂದುಕೊಳ್ಳುವವರು ನೆನಪಿಡಬೇಕಾದ ಪ್ರಕರಣ ಇದು.

ಇನ್ನೊಂದು ತಂಡ ಗುಳಿಯ ಗೊಡವೆಗೇ ಹೋಗಲಿಲ್ಲ. ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೊಸ್ಪೊರಿನ್, ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ಬಂದದ್ದು. ಅದು ನೇರವಾಗಿ ತನ್ನ ಗುರಿಗೆ ಅಂಟದೆ, ಕೋಶದಲ್ಲಿ ಹೇರಳವಾಗಿರುವ ಸೈಕ್ಲೊಫಿಲಿನ್ ಎಂಬ ಪ್ರೊಟೀನನ್ನು ಮೊದಲು ಜೊತೆಗೆ ಹಿಡಿದುಕೊಂಡು, ಆ ಜೋಡಿಯಾಗಿ ಹೋಗಿ ಗುರಿಯ ಮೇಲೆ ಕೂರುತ್ತದೆ. ಒಬ್ಬನೇ ಎತ್ತಲಾಗದ ನುಣುಪು ಕಲ್ಲನ್ನು ಇಬ್ಬರು ಸೇರಿ ತಬ್ಬಿ ಹಿಡಿದಂತೆ. ಇದೇ ಸೈಕ್ಲೊಫಿಲಿನ್‌ಗೆ ಅಂಟುವ ಸ್ಯಾಂಗ್ಲಿಫೆರಿನ್ ಎಂಬ ಇನ್ನೊಂದು ಮಣ್ಣಿನ ಸೂಕ್ಷ್ಮಜೀವಿಯ ಅಣುವನ್ನು ಮಾದರಿಯಾಗಿಟ್ಟುಕೊಂಡು, ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಮೆಡಿಸಿನ್ಸ್ ಕಂಪನಿ ರೂಪಿಸಿದ ಔಷಧದ ಹೆಸರು ಡರಾಕ್ಸಾನ್‌ರಾಸಿಬ್. ಇದು ಸೈಕ್ಲೊಫಿಲಿನ್ನನ್ನು ಕರೆದುಕೊಂಡು ಹೋಗಿ ತೆರೆದ ತೂಬಿನ ಮೇಲೆಯೇ ಕೂರಿಸುತ್ತದೆ. ದೊಡ್ಡ ಪ್ರೊಟೀನು ಅಡ್ಡ ಕೂತ ಮೇಲೆ ಮುಂದಿನ ಕಾಲುವೆಗೆ ಸಂದೇಶ ದಾಟುವುದಿಲ್ಲ. 12ನೆಯ ಸ್ಥಾನದಲ್ಲಿ ಯಾವ ಅಕ್ಷರ ಬಂದಿದೆ ಎಂಬುದು ಇದಕ್ಕೆ ಅಷ್ಟು ಮುಖ್ಯವಲ್ಲ. ಆದ್ದರಿಂದಲೇ ಇದು ಆರೋಗ್ಯವಂತ ಕೋಶಗಳ ರಾಸ್‌ನ್ನೂ ಸ್ವಲ್ಪಮಟ್ಟಿಗೆ ತಡೆಯುತ್ತದೆ, ಮೈಮೇಲೆ ಗುಳ್ಳೆಗಳು, ಬಾಯಿಹುಣ್ಣು, ಭೇದಿ ಇದರ ಸಾಮಾನ್ಯ ಅಡ್ಡಪರಿಣಾಮಗಳು. ಒಮ್ಮೆ ಚಿಕಿತ್ಸೆ ಪಡೆದೂ ಉಲ್ಬಣಿಸಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಇದನ್ನು ಕೀಮೋಥೆರಪಿಯೊಂದಿಗೆ ಹೋಲಿಸುವ ಮೂರನೆಯ ಹಂತದ ಪರೀಕ್ಷೆ 2024ರಲ್ಲಿ ಆರಂಭವಾಯಿತು. ಆ ಪರೀಕ್ಷೆಯ ಮುಖ್ಯ ಅಳತೆಗೋಲುಗಳಾಗಿ ಮೊದಲೇ ಬರೆದಿಟ್ಟಿರುವುದು ಎರಡು: ರೋಗ ಎಷ್ಟು ಕಾಲ ತಡೆಯಿತು ಎಂಬುದು ಒಂದು, ರೋಗಿ ಒಟ್ಟು ಎಷ್ಟು ಕಾಲ ಬದುಕಿದರು ಎಂಬುದು ಇನ್ನೊಂದು.